ಕಣ್ಣು ಮುಚ್ಚಿದರೆ ತೋಟದ ಲೆಕ್ಕವೇ ಬರುತ್ತದೆ

ಪ್ರಶ್ನೆ: ನನಗೆ 46 ವರ್ಷ, ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟವಿದೆ. ಬಿಪಿ ಸ್ವಲ್ಪ ಜಾಸ್ತಿ, ನಿದ್ದೆ ಸರಿ ಬರುವುದಿಲ್ಲ. ಧ್ಯಾನಕ್ಕೆ ಕೂತರೆ ಕೂಲಿ ಲೆಕ್ಕ, ಮಳೆ, ಆನೆ ಕಾಟ ಇವೇ ತಲೆಗೆ ಬರುತ್ತವೆ. ನನ್ನಂಥವರಿಗೆ ಇದು ಆಗುತ್ತದಾ ಮೇಡಂ?

ಉತ್ತರ: ಖಂಡಿತ ಆಗುತ್ತದೆ. ಯೋಚನೆ ಬಂತು ಅಂದರೆ ಧ್ಯಾನ ಕೆಟ್ಟಿತು ಅಂತಲ್ಲ. ಬಂದದ್ದು ಗೊತ್ತಾಗಿ, ನಿಮ್ಮನ್ನು ನೀವು ಬೈದುಕೊಳ್ಳದೆ ಮತ್ತೆ ಉಸಿರಿನ ಕಡೆ ಬರುತ್ತೀರಲ್ವಾ, ಅಭ್ಯಾಸ ಅಂದರೆ ಅದೇ. ಇಪ್ಪತ್ತು ಸಲ ಬಂದರೂ ಸರಿ.

ಮೊದಲ ವಾರ 5 ನಿಮಿಷ ಸಾಕು. ಪದ್ಮಾಸನ ಬೇಡ. ಬೆಳಿಗ್ಗೆ ಕೆಲಸದವರು ಬರುವ ಮೊದಲು ಜಗಲಿಯಲ್ಲಿ ಕುರ್ಚಿ ಹಾಕಿ, ಎರಡೂ ಪಾದ ನೆಲಕ್ಕೆ ತಾಗುವಂತೆ, ಬೆನ್ನು ನೇರ ಮಾಡಿ ಕೂತುಕೊಳ್ಳಿ. ಫೋನ್ ಒಳಗಿರಲಿ. ಮೂಗಿನ ತುದಿಯಲ್ಲಿ ಒಳಗೆ ಹೋಗುವಾಗ ತಣ್ಣಗೆ, ಹೊರಗೆ ಬರುವಾಗ ತುಸು ಬೆಚ್ಚಗೆ ಇರುವ ಗಾಳಿಯನ್ನು ಸುಮ್ನೆ ಗಮನಿಸಿ. ನಮ್ಮ ಕೊಡಗಿನ ಮಂಜಿನ ಚಳಿಯಲ್ಲಿ ಇದು ಎಷ್ಟು ಚೆನ್ನಾಗಿ ಗೊತ್ತಾಗುತ್ತದೆ ನೋಡಿ. ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಹೃದಯದ ಬಡಿತವೂ ಇಳಿಯುತ್ತದೆ, ಬಿಗಿಹಿಡಿದ ಹೆಗಲು ತಾನೇ ಸಡಿಲವಾಗುತ್ತದೆ.

ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ರೋಗಿಗಳಿಗೆಂದು ಶುರುಮಾಡಿದ ಧ್ಯಾನದ ತರಬೇತಿ 8 ವಾರದ್ದು. ನೀವೂ ಅಷ್ಟು ಸಮಯ ಕೊಡಿ. ಡಾಕ್ಟರನ್ನು ಕೇಳದೆ ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಕೂತಾಗ ಭಯ, ಎದೆ ಢವಢವ ಜಾಸ್ತಿಯಾದರೆ ಕಣ್ಣು ತೆರೆದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ, ಮತ್ತೆ ಮತ್ತೆ ಹಾಗಾದರೆ ಡಾಕ್ಟರಿಗೆ ಹೇಳಿ.