52 ದೊಡ್ಡದೋ, 19 ದೊಡ್ಡದೋ?

ಧಾರವಾಡದ ಓದುಗರೊಬ್ಬರ ಪತ್ರದ ಸಾರ ಇದು: ಮಗಳು ನರ ಔಷಧಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಗೈಡ್ ಹುಡುಕುತ್ತಿದ್ದಾಳೆ. ಗೂಗಲ್ ಸ್ಕಾಲರ್‌ನಲ್ಲಿ (ಸಂಶೋಧನಾ ಪ್ರಬಂಧಗಳನ್ನು ಹುಡುಕುವ ತಾಣ) ಒಬ್ಬರ ಎಚ್-ಇಂಡೆಕ್ಸ್ 52, ಇನ್ನೊಬ್ಬರದು 19. ದೊಡ್ಡ ಅಂಕಿಯವರ ಹತ್ತಿರ ಸೇರಿಸಿದರೆ ಆಯಿತಲ್ಲವೇ?

ಇಲ್ಲ, ಅಷ್ಟಕ್ಕೇ ನಿರ್ಧರಿಸಬೇಡಿ. ಮೊದಲು ಆ ಅಂಕಿ ಹುಟ್ಟುವ ಬಗೆ ನೋಡಿ. ಬೇರೆ ಪ್ರಬಂಧಗಳು ಕನಿಷ್ಠ 4 ಸಲ ಹೆಸರಿಸಿದ, ಅಂದರೆ 4 ಉಲ್ಲೇಖ ಪಡೆದ, 4 ಪ್ರಬಂಧಗಳಿದ್ದರೆ ಇಂಡೆಕ್ಸ್ 4; ಹೀಗೆ ಸಾಧ್ಯವಾಗುವ ಅತಿ ದೊಡ್ಡ ಅಂಕಿಯೇ ಎಚ್-ಇಂಡೆಕ್ಸ್. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 90, 40, 12, 4, 3 ಉಲ್ಲೇಖಗಳಿವೆ ಎನ್ನಿ. ನಾಲ್ಕನೆಯದಕ್ಕೆ ನಾಲ್ಕಿವೆ, ಐದನೆಯದಕ್ಕೆ ಐದಿಲ್ಲ. ಹಾಗಾಗಿ ಇಂಡೆಕ್ಸ್ 4. ಆ 90 ನಾಳೆ 9,000 ಆದರೂ ಇಂಡೆಕ್ಸ್ 4 ಬಿಟ್ಟು ಕದಲುವುದಿಲ್ಲ. ಒಮ್ಮೆ ಏರಿದ್ದು ಇಳಿಯುವುದೂ ಇಲ್ಲ, ಆದ್ದರಿಂದ ವಯಸ್ಸಾದವರಿಗೆ ಇದು ಸದಾ ಅನುಕೂಲ.

ದೊಡ್ಡ ಕೆಲಸವನ್ನು ಈ ಎಣಿಕೆ ಹೇಗೆ ಕಾಣದೆ ಹೋಗುತ್ತದೆ ಎನ್ನಲು ಸ್ವೀಡನ್ನಿನ ಔಷಧಶಾಸ್ತ್ರಜ್ಞ ಆರ್ವಿಡ್ ಕಾರ್ಲ್‌ಸನ್‌ರನ್ನೇ ತೆಗೆದುಕೊಳ್ಳಿ. ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪೀನ್ ಕೊಟ್ಟರೆ ಮೊಲ ಕಿವಿ ಜೋಲುಬಿಟ್ಟು ಕೂತಲ್ಲೇ ಕೂರುತ್ತಿತ್ತು. ದೇಹದಲ್ಲಿ ಡೋಪಮೈನ್ ಎಂಬ ರಾಸಾಯನಿಕವಾಗುವ ಡೋಪಾ ಚುಚ್ಚಿದರೆ 15 ನಿಮಿಷದಲ್ಲಿ ಕಿವಿ ನಿಮಿರಿಸಿ ಓಡಾಡುತ್ತಿತ್ತು. ಮಿದುಳಿನ ಇನ್ನೊಂದು ರಾಸಾಯನಿಕ ಸಿರೊಟೋನಿನ್‌ನ ಮೂಲವಸ್ತು ಕೊಟ್ಟರೆ ಈ ಪವಾಡ ನಡೆಯಲಿಲ್ಲ. 1957ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಇದು ಒಂದೇ ಪುಟದಲ್ಲಿ ಬಂತು. ಮರುವರ್ಷ ಅವರ ತಂಡ ಮಿದುಳಿನಲ್ಲೇ ಡೋಪಮೈನ್ ಇರುವುದನ್ನು, ರಿಸರ್ಪೀನ್‌ನಿಂದ ಅದು ಬರಿದಾಗಿ ಡೋಪಾದಿಂದ ಮರಳುವುದನ್ನು ತೋರಿಸಿತು. 1960ರ ಲಂಡನ್ ಗೋಷ್ಠಿಯಲ್ಲಿ ಹಿರಿಯ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಅದೇ ವರ್ಷ ವಿಯೆನ್ನಾದಲ್ಲಿ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್ ಪಾರ್ಕಿನ್ಸನ್ ರೋಗಿಗಳ ಮಿದುಳಲ್ಲಿ ಡೋಪಮೈನ್ ಕೊರತೆ ಕಂಡರು. ಕಾರ್ಲ್‌ಸನ್‌ಗೆ ನೊಬೆಲ್ ಬಂದದ್ದು 2000ದಲ್ಲಿ! ಇಂದು ಡೋಪಮೈನ್ ನರಸಂದೇಶವಾಹಕ ಎಂದು ಬರೆಯುವ ಹೆಚ್ಚಿನವರು ಆ ಪುಟವನ್ನು ಉಲ್ಲೇಖಿಸುವ ಗೋಜಿಗೆ ಹೋಗುವುದಿಲ್ಲ. ಪಠ್ಯಪುಸ್ತಕ ಸೇರಿದ ಮಾತಿಗೆ ಉಲ್ಲೇಖ ಕಡಿಮೆಯಾಗುತ್ತದೆ.

ಇದಕ್ಕೆ ತಿರುಗುಮುರುಗು, ಆಲಿವರ್ ಲೌರಿ. ಅಮೆರಿಕದ ಸೇಂಟ್ ಲೂಯಿಯಲ್ಲಿ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು. 1951ರ ಅವರ ಪ್ರಬಂಧಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಅದರಲ್ಲಿರುವುದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಬಣ್ಣ ನೋಡಿ ಅಳೆಯುವ ವಿಧಾನ. ಸಾವಿರಾರು ಲ್ಯಾಬ್‌ಗಳಿಗೆ ಬೇಕಾದ ಉಪಕಾರ, ಆದರೆ ಹೊಸ ಸಿದ್ಧಾಂತವಲ್ಲ. ಎಣಿಕೆಗೆ ಎರಡೂ ಒಂದೇ.

ಈಗ ನಿಮ್ಮ 52ಕ್ಕೆ ಬರೋಣ. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪ್ರಬಂಧಗಳ ಉಚಿತ ಪಟ್ಟಿ) ಹೆಸರು ಹಾಕಿ, 'ರಿವ್ಯೂ' ಎಂಬ ಫಿಲ್ಟರ್‌ನಿಂದ ಸಮೀಕ್ಷೆಗಳನ್ನು ಬೇರೆ ಮಾಡಿ. ಅವು ಉಲ್ಲೇಖವನ್ನು ಬಾಚಿಕೊಳ್ಳುತ್ತವೆ, ಅವುಗಳಲ್ಲಿ ಪ್ರಯೋಗ ಇರುವುದಿಲ್ಲ. ಉಳಿದವುಗಳಲ್ಲಿ ಇವರ ಹೆಸರು ಕೊನೆಯಲ್ಲಿದೆಯೇ ನೋಡಿ, ಈ ಕ್ಷೇತ್ರದಲ್ಲಿ ಲ್ಯಾಬ್ ನಡೆಸುವವರ ಜಾಗ ಸಾಮಾನ್ಯವಾಗಿ ಅದು. ಮೂವತ್ತು ಹೆಸರುಗಳ ನಡುವೆ ಹದಿನೇಳನೆಯವರಾಗಿದ್ದರೆ ಅದನ್ನು ಲೆಕ್ಕಕ್ಕೆ ತಗೋಬೇಡಿ. ಕಳೆದ ಐದು ವರ್ಷದಲ್ಲಿ ಮೊದಲ ಹೆಸರು ವಿದ್ಯಾರ್ಥಿಗಳದೇ? ಮಗಳ ಮಟ್ಟಿಗೆ ಮುಖ್ಯ ಪ್ರಶ್ನೆ ಅದು, 19ರವರು ಗೆದ್ದರೆ ಗೆಲ್ಲುವುದೂ ಇಲ್ಲೇ.

ಒಂದು ತೊಡಕು ನಮ್ಮವರದೇ. ಊರಿನ, ಅಪ್ಪನ ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದು ಒಬ್ಬರೇ ಇಬ್ಬರಾಗುತ್ತಾರೆ, 'ಎಸ್. ಕುಮಾರ್' ಎಂಬಲ್ಲಿ ಹತ್ತು ಜನ ಒಬ್ಬರಾಗುತ್ತಾರೆ. ಸ್ಕಾಲರ್ ಪುಟದಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಪ್ರಬಂಧವೋ ಭತ್ತದ ತಳಿಯ ಪ್ರಬಂಧವೋ ಕಂಡರೆ ಆ 52 ಕಲಬೆರಕೆ. ಆರ್ಕಿಡ್ (ORCID) ಸಂಖ್ಯೆ, ಅಂದರೆ ಒಬ್ಬೊಬ್ಬ ಸಂಶೋಧಕರಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ, ಹಿಡಿದು ಹುಡುಕಿದರೆ ನಿಜವಾದ ಪಟ್ಟಿ ಸಿಗುವ ಸಾಧ್ಯತೆ ಹೆಚ್ಚು. ಅದು ಸಿಕ್ಕ ಮೇಲೆ ಒಂದು ಹೊಸ ಪ್ರಬಂಧದ ವಿಧಾನ ಭಾಗವನ್ನು ಮಗಳೇ ಓದಲಿ: ಕಿಲೋಗೆ ಎಷ್ಟು ಮಿಲಿಗ್ರಾಂ ಡೋಸ್, ಗುಂಪಿಗೆ ಎಷ್ಟು ಇಲಿ, ಅಳೆದವರಿಗೆ ಯಾವ ಇಲಿಗೆ ಔಷಧ ಕೊಟ್ಟಿದೆ ಎಂಬುದು ಗೊತ್ತಿತ್ತೇ.

– ಸಂಪಾದಕ