ತಂಗಿ ಬರುವಾಗ ಮಾತ್ರೆ ಚೀಟಿ ಬಚ್ಚಿಡಬೇಡಿ

ನೋಡಪ್ಪ, ನೀನು ಬರ್ಮಿಂಗ್‌ಹ್ಯಾಮಿಗೆ ಹೊಸಬ, ನಿನ್ನ ಚಿಂತೆ ಅರ್ಥವಾಗುತ್ತೆ. ಹೋದ ವರ್ಷ ಚಿತ್ರದುರ್ಗದಲ್ಲಿ ನಿನ್ನ ತಂಗಿಗೆ ಯಾರೋ ಮಾತಾಡಿದ ಹಾಗೆ ದನಿ ಕೇಳುತ್ತಿತ್ತು. ಈಗ ಮಾತ್ರೆಯಿಂದ ಸುಧಾರಿಸಿದ್ದಾಳೆ, ಸೆಪ್ಟೆಂಬರಿಗೆ ಓದಲು ಇಲ್ಲಿಗೆ ಬರುತ್ತಾಳೆ. ಚಿಕಿತ್ಸೆ ಸಿಗುತ್ತಾ, ದುಡ್ಡೆಷ್ಟು ಅಂತ ಕೇಳಿದ್ದೀಯ.

ದುಡ್ಡಿನ ಚಿಂತೆ ಬಿಡು. ವೀಸಾ ಅರ್ಜಿಯ ಜೊತೆಗೇ ವಿದ್ಯಾರ್ಥಿಗಳಿಂದ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಡಾಕ್ಟರಿಗೂ ಆಸ್ಪತ್ರೆಗೂ ಬಿಲ್ ಇಲ್ಲ. ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೆ 9.90 ಪೌಂಡ್ ಅಷ್ಟೇ.

ಹೀಗೆ ಇಲ್ಲದ ದನಿ ಕೇಳಿಸುವಂಥ ಕಾಯಿಲೆಗೆ ಸೈಕೋಸಿಸ್ ಅಂತಾರೆ. ಅದರ ಮೊದಲ ವರ್ಷಗಳಿಗೆಂದೇ ಇಲ್ಲಿ ಬೇರೆ ತಂಡಗಳಿವೆ. ಆ ತಂಡಗಳಿಗೆ ‘ಅರ್ಲಿ ಇಂಟರ್ವೆನ್ಷನ್ ಇನ್ ಸೈಕೋಸಿಸ್’ ಅಂತ ಹೆಸರು. ಜಿಪಿ, ಅಂದರೆ ಮನೆ ಹತ್ತಿರದ ಎನ್‌ಎಚ್‌ಎಸ್ ಡಾಕ್ಟರ ಹತ್ತಿರ ಅದೇ ಹೆಸರು ಹಿಡಿದು ಕೇಳು. ನರ್ಸ್, ಮನೋವೈದ್ಯರು, ಮಾತಾಡಿಸಿ ಮನಸ್ಸಿಗೆ ಚಿಕಿತ್ಸೆ ಕೊಡುವವರು, ಓದು-ಕೆಲಸಕ್ಕೆ ದಾರಿ ತೋರಿಸುವವರು ಎಲ್ಲ ಒಂದೇ ತಂಡದಲ್ಲಿ ಇರುತ್ತಾರೆ. ಸಾಮಾನ್ಯವಾಗಿ ಮೂರು ವರ್ಷ ನೋಡಿಕೊಳ್ಳುತ್ತಾರೆ. ಮನೆಯವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಭಾಷೆ ಬಾರದವರಿಗೆ ದುಭಾಷಿ ಕೇಳಬಹುದು, ಅದಕ್ಕೂ ದುಡ್ಡಿಲ್ಲ. ಮೊದಲ ಸಲ ಕಾಯಿಲೆ ಕಂಡವರಿಗೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋ ಗುರಿ 2016ರಿಂದ ಇದೆ. ಅದೂ ಈಗ ನೂರಕ್ಕೆ ಅರವತ್ತು ಜನರಿಗೆ, ಮೊದಲು ಐವತ್ತೇ ಇತ್ತು. ಉಳಿದ ನಲವತ್ತು ಜನ ಜೋರಾಗಿ ಕೇಳಬೇಕು! ನಿನ್ನ ತಂಗಿಗೆ ಚಿಕಿತ್ಸೆ ಆಗಲೇ ಶುರುವಾಗಿರೋದರಿಂದ ಅವಳನ್ನು ಸೇರಿಸಿಕೊಳ್ಳೋದು ಬಿಡೋದು ಆಯಾ ಊರಿನ ತಂಡಕ್ಕೆ ಬಿಟ್ಟಿದ್ದು.

ನಮ್ಮ ಕಡೆ ಏನೂ ಇಲ್ಲ ಅಂತಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಆದರೆ ಹೊರಗೆ ಸಾಲು ಕಾಯುವಾಗ ಡಾಕ್ಟರು ‘ನಿದ್ದೆ ಬರುತ್ತಾ’ ಅಂತ ಕೇಳಿ ಚೀಟಿ ಬರೆಯದೆ ಇನ್ನೇನು ಮಾಡುತ್ತಾರೆ?

ನನಗೆ ಭಯ ಇರೋದು ನಿಮ್ಮ ಮನೆಯವರದ್ದೇ. ಮುಂದೆ ಗಂಡು ನೋಡುವಾಗ ಗೊತ್ತಾಗುತ್ತೆ ಅಂತ ಅಮ್ಮ ಕಾಗದಗಳನ್ನು ಬಚ್ಚಿಡುತ್ತಾರೆ ಅಂದೆಯಲ್ಲ, ಅದೇ ಕೆಲಸ ಕೆಡಿಸೋದು. ಜಿಪಿ ಸುಮ್ನೆ ಯಾರಿಗೂ ಹೇಳಲ್ಲ, ಕಾಲೇಜಿಗೂ ಹೇಳಲ್ಲ. ಕಾಯಿಲೆ ಹೆಸರು, ಯಾವಾಗ ಶುರುವಾಯ್ತು, ಮಾತ್ರೆಯ ಪ್ರಮಾಣ ಎಲ್ಲವನ್ನೂ ಈಗಿನ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಮಾತ್ರೆಯ ಒಳಗಿನ ಔಷಧಿಯ ಹೆಸರೇ ಬೇಕು. ನಮ್ಮ ಮೆಡಿಕಲ್ ಶಾಪಿನ ಬ್ರಾಂಡ್ ಇಲ್ಲಿ ಗೊತ್ತಾಗಲ್ಲ. ಮೊದಲ ಕೆಲವು ವಾರಕ್ಕೆ ಸಾಕಾಗುವಷ್ಟು ಮಾತ್ರೆ ಜೊತೆಗಿರಲಿ. ಬಂದ ವಾರವೇ ಜಿಪಿ ಹತ್ತಿರ ಹೆಸರು ನೋಂದಾಯಿಸು. ರಾತ್ರಿ ಹೊತ್ತು ಕೈಮೀರಿದರೆ ಎನ್‌ಎಚ್‌ಎಸ್‌ನ 111ಕ್ಕೆ ಫೋನ್ ಮಾಡಿ, ಮನಸ್ಸಿನ ಕಾಯಿಲೆಗೆ ಅಂತ 2 ಒತ್ತು.