ಸೀರೆ ಅಂಗಡಿಯ ಇನ್‌ಸ್ಟಾಗ್ರಾಂ ಜಾಹೀರಾತಿಗೆ ಯಜಮಾನರನ್ನು ಒಪ್ಪಿಸುವುದು ಹೇಗೆ?

ಲೈಕು, ಫಾಲೋವರ್‌ಗಳ ಮಾತು ಎತ್ತಲೇಬೇಡಿ. ಗಲ್ಲಾದಲ್ಲಿ ಕೂತವರಿಗೆ ಬೇಕಾದ್ದು ಎಷ್ಟು ಮಾರಿದರೆ ಅಸಲು ಹುಟ್ಟುತ್ತದೆ ಎಂಬ ಲೆಕ್ಕ. ತಿಂಗಳಿಗೆ 10,000 ರೂಪಾಯಿ ಜಾಹೀರಾತು ಎಂದಿಟ್ಟುಕೊಳ್ಳಿ; 18% ಜಿಎಸ್‌ಟಿ ಸೇರಿ 11,800. ಕೊರಿಯರ್, ವಾಪಸು ಬಂದ ಮಾಲು ಎಲ್ಲ ಕಳೆದು ಇಳಕಲ್ ಸೀರೆಯೊಂದಕ್ಕೆ 600 ರೂಪಾಯಿ ಉಳಿದರೆ, 20 ಸೀರೆಗೆ ಖರ್ಚು ಗಿಟ್ಟುತ್ತದೆ.

ಆದರೆ ಆ 20 ಹೊಸ ಗಿರಾಕಿಗಳದ್ದೇ ಆಗಿರಬೇಕು. ಹೇಗೂ ಅಂಗಡಿಗೆ ಬರುತ್ತಿದ್ದವರನ್ನು ಸೇರಿಸಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಅದಕ್ಕೇ ಜಾಹೀರಾತು ಒತ್ತಿದವರು ನೇರ ವಾಟ್ಸ್‌ಆ್ಯಪ್‌ಗೆ ಬರುವಂತೆ ಮಾಡಿ, ಹೊಸಬರೋ ಹಳಬರೋ ಎಂದು ಪ್ರತಿ ಚಾಟ್‌ಗೂ ಲೇಬಲ್ ಹಾಕಿ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಈ ಲೇಬಲ್ ಉಚಿತ. ಉತ್ತರಿಸುವ ಹುಡುಗಿಯ ಸಂಬಳವನ್ನೂ ಖರ್ಚಿಗೆ ಹಿಡಿಯಿರಿ, ಬಹಳ ಜನ ಇದನ್ನು ಬಿಡುತ್ತಾರೆ.

ಮೂರು ತಿಂಗಳ ಅವಕಾಶ ಕೇಳಿ. ದಸರಾ, ದೀಪಾವಳಿ ಹೊತ್ತಲ್ಲಿ ಬೇಡ; ಆಗ ಜಾಹೀರಾತಿಲ್ಲದೆಯೂ ವ್ಯಾಪಾರ ಏರುತ್ತದೆ.